ಎಂಟು ಮನೆ, ಆರು ಕೋಳಿ

ನಮ್ಮ ಕೋಳಿಗಳಿಗೆ ಎಂಟು ಮನೆಯವರು ಯಜಮಾನರು. ಅದಕ್ಕೇ ಅವು ಯಾರ ಮಾತನ್ನೂ ಕೇಳುವುದಿಲ್ಲ.

ಇದು ಇಂಗ್ಲೆಂಡಿನ ಕಥೆ. ಇಲ್ಲಿ ಊರಿನ ಕೌನ್ಸಿಲ್ ತನ್ನ ಜಮೀನನ್ನು ಪಟ್ಟಿ ಪಟ್ಟಿಯಾಗಿ ಹಂಚಿ, ತರಕಾರಿ ಬೆಳೆದುಕೊಳ್ಳಿ ಅಂತ ವರ್ಷಕ್ಕಿಷ್ಟು ಬಾಡಿಗೆಗೆ ಕೊಡುತ್ತದೆ. ಅಲಾಟ್‌ಮೆಂಟ್ ಅಂತಾರೆ. ಅಳತೆ ಇನ್ನೂ ಹಳೇ ಕಾಲದ ‘ಪೋಲ್’ ಲೆಕ್ಕದಲ್ಲೇ ಇದೆ. ಪೂರ್ತಿ ಒಂದು ಪ್ಲಾಟ್ ಅಂದರೆ 10 ಪೋಲ್, ಸುಮಾರು 250 ಚದರ ಮೀಟರ್. ಚನ್ನರಾಯಪಟ್ಟಣದ ಕಡೆಯಿಂದ ಬಂದ ನಮ್ಮಮ್ಮ ಬೇಲಿ ಹತ್ತಿರ ನಿಂತು ಕಣ್ಣಲ್ಲೇ ಅಳೆದು, “ಎರಡೂವರೆ ಗುಂಟೆ” ಅಂದರು. ಎಕರೆಗೆ 160 ಪೋಲ್, 40 ಗುಂಟೆ. ಲೆಕ್ಕ ಹಾಕಿ ನೋಡಿ, ಒಂದಿಂಚೂ ಆಚೀಚೆ ಇಲ್ಲ.

ನಮ್ಮ ಅಲಾಟ್‌ಮೆಂಟಿನ ಮೂಲೆಯಲ್ಲಿ ಮುಳ್ಳು ಬೆಳೆದು ಯಾರಿಗೂ ಬೇಡವಾಗಿದ್ದ ಒಂದು ಪ್ಲಾಟ್ ಇತ್ತು. ಅದನ್ನು ಎಂಟು ಮನೆಯವರು ಸೇರಿ ಹಿಡಿದು, ಬೇಲಿ ಕಟ್ಟಿ, ಕೋಳಿಗೂಡು ಮಾಡಿದೆವು. ವಾರಕ್ಕೆ ಏಳೇ ದಿನ. ಏಳು ಮನೆಗೆ ಒಂದೊಂದು ದಿನ, ಎಂಟನೆಯ ಮನೆಯವರು ಯಾರಾದರೂ ರಜೆ ಹೋದಾಗ ಬದಲಿಗೆ. ಸ್ವಲ್ಪ ದಿನದಲ್ಲೇ ಹೆಸರು ಮರೆತು ವಾರದಿಂದಲೇ ಒಬ್ಬರನ್ನೊಬ್ಬರು ಗುರುತಿಸಲು ಶುರು ಮಾಡಿದೆವು. ಸೋಮವಾರದ ತಾತ, ಮಂಗಳವಾರದ ಇಂಜಿನಿಯರ್, ಬುಧವಾರದ ಪೋಲೆಂಡ್ ಅಜ್ಜಿ, ಗುರುವಾರದ ಗುಜರಾತಿ ಅಂಕಲ್. ನಾವು ಶನಿವಾರ.

“ಶನಿವಾರವಾ?” ಅಮ್ಮ ತಲೆ ಚಚ್ಚಿಕೊಂಡರು. ಅಮ್ಮ ಶನಿವಾರ ಮಾಂಸ, ಮೊಟ್ಟೆ ಎರಡನ್ನೂ ಮುಟ್ಟುವುದಿಲ್ಲ. “ಇರೋ ಏಳು ದಿನದಲ್ಲಿ ನಿಂಗೆ ಸಿಕ್ಕಿದ್ದು ಅದೊಂದೇನಾ?”

ಕೋಳಿಗಳು ಬಂದ ರೀತಿಯೂ ಅಮ್ಮನಿಗೆ ಹಿಡಿಸಿರಲಿಲ್ಲ. ಇಲ್ಲಿ ಮೊಟ್ಟೆ ಫಾರಂಗಳು ಸುಮಾರು ಒಂದೂವರೆ ವರ್ಷ ಆದ ಕೋಳಿಗಳನ್ನು ತೆಗೆದುಬಿಡುತ್ತವೆ. ಆಮೇಲೆ ಮೊಟ್ಟೆ ಕಮ್ಮಿ ಆಗುತ್ತೆ ಅಂತ. ಅಂಥವನ್ನು ಬಿಡಿಸಿ ತಂದು ಜನರಿಗೆ ಸಾಕಲು ಕೊಡುವ ಸಂಸ್ಥೆಗಳಿವೆ. ನಮ್ಮಲ್ಲಿರುವ ಕಂದು ಬಣ್ಣದ ಐದು ಹಾಗೆ ಬಂದವು. ಬಂದಾಗ ಕತ್ತಲ್ಲೂ ಬೆನ್ನಲ್ಲೂ ಪುಕ್ಕವೇ ಇರಲಿಲ್ಲ. ಆಗ ಅಮ್ಮ ಇನ್ನೂ ಊರಲ್ಲೇ ಇದ್ದರು, ಫೋಟೋ ಕಳಿಸಿದೆ. ಅಮ್ಮ ವಾಪಸ್ ಫೋನ್ ಮಾಡಿ, “ಕಿತ್ತು ಕ್ಲೀನ್ ಮಾಡಿ ಕೊಟ್ಟಿದ್ದಾರಲ್ಲ, ಇನ್ನೇನು ಕಾಯ್ತಾ ಇದ್ದೀಯ?” ಅಂದರು.

ಪೋಲೆಂಡ್ ಅಜ್ಜಿಗೆ ಮಾತ್ರ ಕರುಳು ಚುರ್ ಅಂದಿತ್ತು. ತೀರಾ ಬೋಳಾಗಿದ್ದ ಒಂದಕ್ಕೆ ಕಿತ್ತಳೆ ಬಣ್ಣದ ಸ್ವೆಟರ್ ಹೆಣೆದು ತಂದರು. ರೆಕ್ಕೆ ಹೊರಗೆ ಬರಲು ಎರಡು ತೂತು, ಬೆನ್ನಿಗೆ ಒಂದು ಗುಂಡಿ. ತೊಡಿಸಿ ಕೆಳಗೆ ಬಿಟ್ಟಿದ್ದೇ ತಡ, ಕೋಳಿ ಹಿಂದಕ್ಕೆ ನಡೆಯಲು ಶುರು ಮಾಡಿತು. ಹಿಂದೆ ಹೋದರೆ ಬಟ್ಟೆ ಕಳಚಿಕೊಳ್ಳುತ್ತೆ ಅಂತ ಅದರ ಲೆಕ್ಕ ಇರಬೇಕು. ಹಾಗೇ ಹಿಂದೆ ಹಿಂದೆ ಹೋಗಿ ನೀರಿನ ಬೋಗುಣಿಯಲ್ಲಿ ಕೂತುಬಿಟ್ಟಿತು. ಉಳಿದ ನಾಲ್ಕು ಬಂದು ಉಲ್ಲನ್ನಿನ ಎಳೆ ಹಿಡಿದು ಎಳೆದವು. ಸ್ವಲ್ಪ ಹೊತ್ತಿಗೆ ಕೋಳಿ ಬೋಳು, ಬೇಲಿಗೆಲ್ಲ ಸ್ವೆಟರ್.

ಮೊಟ್ಟೆ ವಿಷಯಕ್ಕೆ ಬರೋಣ. ಜಗಳ ಹತ್ತಿದ್ದೇ ಅಲ್ಲಿ.

ನಿಯಮ ಸರಳವಾಗಿತ್ತು. ನಿಮ್ಮ ದಿನ ಸಿಕ್ಕ ಮೊಟ್ಟೆ ನಿಮ್ಮದು. ಆದರೆ ಮಂಗಳವಾರದ ಇಂಜಿನಿಯರ್‌ಗೆ ಮಾತ್ರ ಗೂಡು ಯಾವಾಗಲೂ ಖಾಲಿ. ಸೋಮವಾರದ ತಾತ ಐದೈದು ಹೊತ್ತುಕೊಂಡು ಹೋಗುತ್ತಿದ್ದರು. ಇಂಜಿನಿಯರ್ ಎಕ್ಸೆಲ್ ಶೀಟ್ ತೆರೆದರು. ಬಣ್ಣ ಬಣ್ಣದ ಗ್ರಾಫ್ ಬಂತು. ತಾತನ ಮೇಲೆ ನೇರವಾಗಿ ಆರೋಪ ಮಾಡಲಿಲ್ಲ. ಇಂಗ್ಲಿಷರ ಊರಲ್ಲಿ ಅದು ನಡೆಯುವುದಿಲ್ಲ. “ಕುತೂಹಲದ ಸಂಗತಿ” ಅಂತ ಮಾತ್ರ ಬರೆದರು. ಇಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ.

ಅಸಲಿ ವಿಷಯ ಕೋಳಿಯ ಹೊಟ್ಟೆಯಲ್ಲಿತ್ತು. ಒಂದು ಮೊಟ್ಟೆ ತಯಾರಾಗಲು 24ರಿಂದ 26 ಗಂಟೆ ಬೇಕು. ಹಾಗಾಗಿ ಇವತ್ತು ಬೆಳಿಗ್ಗೆ ಎಂಟಕ್ಕೆ ಇಟ್ಟ ಕೋಳಿ ನಾಳೆ ಒಂಬತ್ತಕ್ಕೆ, ನಾಳಿದ್ದು ಹತ್ತಕ್ಕೆ ಇಡಬಹುದು. ಹೀಗೇ ಜರುಗುತ್ತಾ ಮಧ್ಯಾಹ್ನ ದಾಟಿದ ಮೇಲೆ ಒಂದು ದಿನ ರಜೆ ಹಾಕಿ ಮತ್ತೆ ಬೆಳಿಗ್ಗೆಯಿಂದ ಶುರು. ಅಂತೂ ಏಳು ಗಂಟೆಗೆ ಮುಂಚೆ ನಮ್ಮ ಕೋಳಿಗಳು ಮೊಟ್ಟೆಯ ಯೋಚನೆಯನ್ನೇ ಮಾಡುವುದಿಲ್ಲ. ಇಂಜಿನಿಯರ್ ಆಫೀಸಿಗೆ ಹೋಗುವ ಮುಂಚೆ ಆರೂವರೆಗೆ ಬರುತ್ತಿದ್ದರು. ತಾತ ಸಂಜೆ ಟೀ ಕುಡಿದು ನಿಧಾನಕ್ಕೆ ಬರುತ್ತಿದ್ದರು. ಮಂಗಳವಾರದ ಮೊಟ್ಟೆಯೆಲ್ಲ ಬುಧವಾರದ ಪೋಲೆಂಡ್ ಅಜ್ಜಿಯ ಬುಟ್ಟಿಗೆ ಬೀಳುತ್ತಿದ್ದವು. ಗ್ರಾಫಿನಲ್ಲಿ ಆಕೆಯ ಕಂಬವೂ ಎತ್ತರವಾಗಿಯೇ ಇತ್ತು. ಸ್ವೆಟರ್ ಹೆಣೆದವರ ಮೇಲೆ ಯಾರು ಸಂಶಯ ಪಡುತ್ತಾರೆ?

ಅಮ್ಮನಿಗೆ ಇದೆಲ್ಲ ಕೇಳಿ ನಗುವೋ ನಗು. ನಮ್ಮೂರ ಕಡೆ ಕೋಳಿಯನ್ನು ಪಾಲಿಗೆ ಕೊಡುವುದುಂಟು. ಕೋಳಿ ನನ್ನದು, ಸಾಕುವುದು ನೀನು, ಮರಿ ಅರ್ಧ ಅರ್ಧ. ಮುಗೀತು. ಮೀಟಿಂಗ್ ಇಲ್ಲ, ಮಿನಿಟ್ಸ್ ಇಲ್ಲ. “ಎಲ್ಲ ಒಂದ್ಕಡೆ ಗುಡ್ಡೆ ಹಾಕಿ, ಭಾನುವಾರ ಪಾಲು ಮಾಡ್ಕೊಳ್ಳಿ” ಅಂತ ತೀರ್ಪು ಕೊಟ್ಟರು. ಹಾಗೇ ಮಾಡಿದೆವು. ಆಮೇಲೆ ದೊಡ್ಡ ಮೊಟ್ಟೆ ಯಾರಿಗೆ, ಚಿಕ್ಕದು ಯಾರಿಗೆ ಅನ್ನುವ ಚರ್ಚೆ ಶುರುವಾಯಿತು. ಇದರಲ್ಲೆಲ್ಲ ತಲೆ ಹಾಕದವರು ಗುಜರಾತಿ ಅಂಕಲ್ ಒಬ್ಬರೇ. ಅವರು ಮೊಟ್ಟೆ ತಿನ್ನುವುದಿಲ್ಲ. ಅವರು ಸೇರಿದ್ದೇ ಗೊಬ್ಬರಕ್ಕೆ. ಹಸಿ ಹಿಕ್ಕೆ ಹಾಕಿದರೆ ಗಿಡ ಸುಟ್ಟುಹೋಗುತ್ತೆ ಅಂತ ಅದನ್ನು ತಿಂಗಳುಗಟ್ಟಲೆ ಕೊಳೆಸಿ, ಮೆಂತ್ಯ ಸೊಪ್ಪಿಗೆ ಹಾಕುತ್ತಾರೆ. ಅದರಲ್ಲಿ ಪಾಲು ಕೇಳಿದವರು ಈವರೆಗೆ ಯಾರೂ ಇಲ್ಲ.

ಇಲ್ಲಿಯ ಕೋಳಿ ಕಾನೂನು ಅಮ್ಮನಿಗೆ ಅರ್ಥವಾಗಲೇ ಇಲ್ಲ. ಒಂದು ಶನಿವಾರ ಕೊತ್ತಂಬರಿ ದಂಟು, ಸೌತೆಕಾಯಿ ಸಿಪ್ಪೆ, ಮಿಕ್ಕಿದ ಅನ್ನ ಎಲ್ಲ ಡಬ್ಬಿಗೆ ಹಾಕಿಕೊಂಡು ಬಂದರು. ಅಲಾಟ್‌ಮೆಂಟಿನ ಕಾರ್ಯದರ್ಶಿ ಓಡಿ ಬಂದು ತಡೆದರು. ಬ್ರಿಟನ್ನಿನಲ್ಲಿ ಅಡುಗೆಮನೆ ಹೊಕ್ಕ ಯಾವ ಪದಾರ್ಥವನ್ನೂ ಕೋಳಿಗೆ ಹಾಕುವಂತಿಲ್ಲ. ಹಾಲು, ಮೊಟ್ಟೆಯೂ ಬಳಸದ ವೀಗನ್ ಮನೆಯಾದರೆ ಮಾತ್ರ ವಿನಾಯಿತಿ. ತೋಟದಿಂದ ಕಿತ್ತು ನೇರವಾಗಿ ಹಾಕಿದರೆ ತೊಂದರೆ ಇಲ್ಲ.

“ಅಂದ್ರೆ ಇದೇ ಕೊತ್ತಂಬರಿ ಇಲ್ಲೇ ಇದ್ದಿದ್ರೆ ಆಗೋದು. ನಮ್ಮನೆ ಹೊಸ್ತಿಲು ದಾಟಿ ಬಂದಿದ್ದಕ್ಕೆ ಮೈಲಿಗೆ?”

ನಾನು ಅದನ್ನು ಹಾಗೇ ಅನುವಾದ ಮಾಡಲಿಲ್ಲ. ಕಾರ್ಯದರ್ಶಿಯ ಕಣ್ಣೆದುರೇ ಅಮ್ಮ ಮಿಕ್ಕಿದ ಅನ್ನಕ್ಕೆ ಡಬ್ಬಿಯ ತಳದಲ್ಲಿದ್ದ ಮೊಸರು ಕಲೆಸಿ ತಾವೇ ತಿಂದು ಮುಗಿಸಿದರು, ಕೋಳಿಗಳು ಸುತ್ತ ನಿಂತು ನೋಡುತ್ತಿರಲು.

ಇನ್ನೊಂದು ಕಾಗದ ಪತ್ರದ ಗೋಳು. 2024ರ ಅಕ್ಟೋಬರ್ 1ರಿಂದ ಇಂಗ್ಲೆಂಡಿನಲ್ಲಿ ಒಂದೇ ಒಂದು ಕೋಳಿ ಸಾಕಿದರೂ ಸರ್ಕಾರದಲ್ಲಿ ನೋಂದಾಯಿಸಬೇಕು. ಮುಂಚೆ 50 ಅಥವಾ ಅದಕ್ಕಿಂತ ಜಾಸ್ತಿ ಹಕ್ಕಿ ಇದ್ದವರಿಗೆ ಮಾತ್ರ ಕಡ್ಡಾಯ ಇತ್ತು. ಹಕ್ಕಿ ಜ್ವರ ಬಂದರೆ ಯಾರ ಹತ್ತಿರ ಎಷ್ಟಿದೆ ಅಂತ ಗೊತ್ತಿರಲಿ ಅಂತ. ಒಳ್ಳೆಯದೇ. ಆದರೆ ಫಾರಂ ತುಂಬಲು ಕೂತಾಗ, ಸಾಕುವವರು ಯಾರು ಅಂತ ಬರೆಯುವ ಜಾಗಕ್ಕೆ ಬಂದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದೆವು. ಮೊಟ್ಟೆ ಹಂಚುವಾಗ ಎಲ್ಲರೂ ಯಜಮಾನರೇ. ಕೊನೆಗೆ ಅವತ್ತು ಮೀಟಿಂಗಿಗೆ ಬಾರದವರ ಹೆಸರು ಬರೆದೆವು. ಕೋಳಿ ಕೇಳಿ ಯಾರೂ ಮಸಾಲೆ ಅರೆಯಲ್ಲ, ಅಲ್ವಾ?

ರಾತ್ರಿ ಗೂಡಿನ ಬಾಗಿಲು ಹಾಕುವುದು ಇನ್ನೊಂದು ಪುರಾಣ. ನರಿ ಇಲ್ಲಿ ಊರೊಳಗೇ ಓಡಾಡುತ್ತದೆ. ಜೂನ್‌ನಲ್ಲಿ ಕತ್ತಲಾಗುವಷ್ಟರಲ್ಲಿ ಹತ್ತು ಗಂಟೆ. ಒಂದು ರಾತ್ರಿ ಗುಂಪಿನಲ್ಲಿ “ಬಾಗಿಲು ಹಾಕಿದ್ದೀರಾ?” ಅಂತ ಮೆಸೇಜ್ ಬಂತು. ಯಾರೂ ಉತ್ತರ ಕೊಡಲಿಲ್ಲ. ಉತ್ತರ ಕೊಡುವ ಬದಲು ಟಾರ್ಚ್ ಹಿಡಿದು ಹೊರಟಿದ್ದರು. ಪೈಜಾಮ ತೊಟ್ಟ ನಾಲ್ಕು ಮನೆಯವರು ಬೇಲಿ ಹತ್ತಿರ ಸೇರಿದೆವು. ಬಾಗಿಲು ಹಾಕಿಯೇ ಇತ್ತು. ಆದರೂ ಆರೂ ಇವೆಯಾ ನೋಡಿಬಿಡೋಣ ಅಂತ ತಾತ ಬಾಗಿಲು ತೆಗೆದರು. ಟಾರ್ಚ್ ಬೆಳಕಿಗೆ ಬೆಚ್ಚಿದ ಕೋಳಿಗಳು ನಮ್ಮ ಕಾಲ ಸಂದಿಯಲ್ಲೇ ನುಗ್ಗಿ ಹೊರಗೆ ಹೋದವು. ಕೊನೆಯದನ್ನು ಇಂಜಿನಿಯರ್ ಬೀನ್ಸ್ ಚಪ್ಪರದಿಂದ ಇಳಿಸಿದಾಗ ಯಾರದೋ ಮನೆಯ ಕಿಟಕಿಯಿಂದ, ಪೊಲೀಸರಿಗೆ ಫೋನ್ ಮಾಡ್ತೀನಿ ಅಂತ ಕೂಗು ಕೇಳಿತು.

ಆರನೆಯದು ಬಿಳಿ ಮೈ, ಕಪ್ಪು ಕತ್ತಿನ ಸಸೆಕ್ಸ್ ತಳಿ. ಅದು ಮೇ ತಿಂಗಳಲ್ಲೇ ಕಾವಿಗೆ ಕೂತಿತ್ತು. ನಮ್ಮಲ್ಲಿ ಹುಂಜ ಇಲ್ಲ, ಮೊಟ್ಟೆ ಮರಿಯಾಗುವ ಮಾತೇ ಇಲ್ಲ. ಶುಕ್ರವಾರದ ದಂಪತಿ ಇಂಟರ್ನೆಟ್ಟಿನಲ್ಲಿ ಮರಿ ಮಾಡಿಸುವ ಮೊಟ್ಟೆ ತರಿಸಿದರು. ಅವು ಪೋಸ್ಟಿನಲ್ಲಿ ಬಂದವು. ಅಮ್ಮ ಆ ಪೊಟ್ಟಣವನ್ನು ಕಿವಿಗೆ ಹಿಡಿದು ನೋಡಿದರು. ಆಮೇಲೆ ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ ಗೂಡಿನಲ್ಲಿ ಒಂದು ಕಬ್ಬಿಣದ ಮೊಳೆ, ಒಂದು ಚೂರು ಇದ್ದಿಲು ಇಟ್ಟರು. ಸುರಕ್ಷತೆಗೆ ಅಂತ ಕಾರ್ಯದರ್ಶಿ ಮೊಳೆ ತೆಗೆದರು. ಅಮ್ಮ ಮತ್ತೆ ಇಟ್ಟರು. 21 ದಿನವೂ ಇದೇ ನಡೆಯಿತು. ಮೂರು ಮರಿ ಹೊರಗೆ ಬಂದವು. ಮೊಳೆಯಿಂದ ಅಂತ ಅಮ್ಮ, ತೆಗೆದಿದ್ದರಿಂದ ಅಂತ ಕಾರ್ಯದರ್ಶಿ.

ಮೂರರಲ್ಲಿ ಒಂದಕ್ಕೆ ನನ್ನ ಮಗಳು ‘ರಾಗಿ’ ಅಂತ ಹೆಸರಿಟ್ಟಳು. ಅಮ್ಮ ಅದರ ಕಾಲು, ಜುಟ್ಟು ನೋಡಿ ಅವತ್ತೇ ಹೇಳಿದ್ದರು, “ಇದು ಹ್ಯಾಟೆ ಅಲ್ಲ ಕಣೇ, ಹುಂಜ.” ಗುಂಪಿನಲ್ಲಿ ಮತಕ್ಕೆ ಹಾಕಿದೆವು. ಬಹುಮತದಿಂದ ಅದು ಹೆಣ್ಣು ಅಂತ ತೀರ್ಮಾನವಾಯಿತು. ಆಗಸ್ಟ್ ಕೊನೆಯಲ್ಲಿ ಒಂದು ಮುಂಜಾನೆ ರಾಗಿ ಬಾಯಿ ತೆರೆಯಿತು. ಗಂಟಲು ಕಟ್ಟಿದ ಭಾಗವತರ ಹಾಗಿತ್ತು ಆ ದನಿ. ಇಡೀ ಬೀದಿ ಎದ್ದು ಕೂತಿತು.

1950ರ ಅಲಾಟ್‌ಮೆಂಟ್ ಕಾಯ್ದೆಯಲ್ಲಿ ವ್ಯಾಪಾರಕ್ಕಲ್ಲದೆ ಕೋಳಿ ಸಾಕಬಹುದು ಅಂತ ಇದೆ. ಆದರೆ ಅಲ್ಲಿರುವುದು ಹೆಣ್ಣು ಕೋಳಿಗೆ ಮಾತ್ರ. ಹುಂಜಕ್ಕೆ ನಮ್ಮ ಅಲಾಟ್‌ಮೆಂಟಿನಲ್ಲಿ ಜಾಗ ಇಲ್ಲ. ತುರ್ತು ಮೀಟಿಂಗ್ ಕರೆದರು. ಎಲ್ಲರೂ ಮುಖ ಸಪ್ಪೆ ಮಾಡಿ ಕೂತಿದ್ದರು. ಅಮ್ಮ ನನ್ನ ಭುಜ ತಟ್ಟಿ, “ಅವರಿಗೆ ಹೇಳು, ಇಷ್ಟಕ್ಕೆ ಯಾಕೆ ತಲೆಬಿಸಿ? ನಾನೇ ಮಾಡ್ಕೊಡ್ತೀನಿ. ಎಂಟು ಮನೆಗೂ ಸಾರು ಆಗತ್ತೆ” ಅಂದರು. ನಾನು, “ಅಮ್ಮನಿಗೂ ತುಂಬಾ ಬೇಜಾರಾಗಿದೆ” ಅಂತ ಇಂಗ್ಲಿಷಿನಲ್ಲಿ ಹೇಳಿದೆ. ಪೋಲೆಂಡ್ ಅಜ್ಜಿ ಎದ್ದು ಬಂದು ಅಮ್ಮನನ್ನು ತಬ್ಬಿಕೊಂಡರು.

ಕೊನೆಗೆ ದೂರದ ಒಬ್ಬ ರೈತರು ರಾಗಿಯನ್ನು ಇಟ್ಟುಕೊಳ್ಳಲು ಒಪ್ಪಿದರು. ನಮ್ಮ ಕಾರು, ಹಿಂದಿನ ಸೀಟಿನಲ್ಲಿ ಬೆಕ್ಕಿನ ಪಂಜರದೊಳಗೆ ರಾಗಿ, ಪಕ್ಕದಲ್ಲಿ ಅಮ್ಮ. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದಾಗಲೂ ಅದು ಕೂಗಿತು. ರೈತರು ಪಂಜರ ಇಸಿದುಕೊಳ್ಳಲು ಕೈ ಚಾಚಿದರು. ಅಮ್ಮ ಬಿಡಲಿಲ್ಲ. ಅಂಥ ಹುಂಜವನ್ನು ಸುಮ್ನೆ ಯಾರು ಕೊಡ್ತಾರೆ? ಕನ್ನಡದಲ್ಲೇ ಚೌಕಾಸಿ ನಡೆಯಿತು. ಅವರು ನಕ್ಕು ಒಳಗೆ ಹೋಗಿ ಒಂದು ಡಜನ್ ಬಾತುಕೋಳಿ ಮೊಟ್ಟೆ ತಂದು ಕೊಟ್ಟರು.

ವಿಷಯ ಗುಂಪಿನಲ್ಲಿ ಹಾಕಿದ್ದೇ ತಪ್ಪಾಯಿತು ಅಂತ ನನ್ನ ಗಂಡನ ಅಭಿಪ್ರಾಯ. ಹನ್ನೆರಡು ಮೊಟ್ಟೆ, ಎಂಟು ಮನೆ. ತಲೆಗೆ ಒಂದೂವರೆ. ಇಂಜಿನಿಯರ್ ಹೊಸ ಶೀಟ್ ತೆರೆದರು. ಪೆಟ್ರೋಲಿನ ಖರ್ಚು ಕಳೆದು ಪಾಲು ಮಾಡಬೇಕೋ, ಮಾಡಿ ಕಳೆಯಬೇಕೋ ಅಂತ ಮೂವತ್ತಕ್ಕೂ ಜಾಸ್ತಿ ಮೆಸೇಜ್ ಬಂದವು. ಅಷ್ಟರಲ್ಲಿ ಅಮ್ಮ ಹನ್ನೆರಡನ್ನೂ ಬೇಯಿಸಿ, ಕಾಯಿ ಮಸಾಲೆ ಅರೆದು ಸಾರು ಮಾಡಿ, ಮುದ್ದೆ ಜೊತೆ ಎಲ್ಲರನ್ನೂ ಊಟಕ್ಕೆ ಕರೆದಿದ್ದರು. ಗುಜರಾತಿ ಅಂಕಲ್‌ಗೆ ಬೇರೆ ಪಾತ್ರೆಯಲ್ಲಿ ಮೆಂತ್ಯ ಸೊಪ್ಪಿನ ಸಾರು. ತಾತ ಮುದ್ದೆಯನ್ನು ಅಗಿಯುತ್ತಾ ಕೂತಿದ್ದರು. ಅದನ್ನು ನುಂಗಬೇಕು ಅಂತ ಹೇಳುವ ಧೈರ್ಯ ನನಗೆ ಬರಲಿಲ್ಲ.

ಈಗ ಕಾಯ್ದೆಯ ಪ್ರತಿ ಎಲ್ಲರ ಫೋನಿನಲ್ಲೂ ಇದೆ. ಅದೇ ಕಲಮಿನಲ್ಲಿ ಕೋಳಿಯ ಪಕ್ಕದಲ್ಲೇ ಮೊಲಕ್ಕೂ ಅವಕಾಶ ಇದೆಯಂತೆ. ಶುಕ್ರವಾರದ ದಂಪತಿ ನಿನ್ನೆ ಗುಂಪಿನಲ್ಲಿ ಹಾಕಿದ್ದಾರೆ. ಸದ್ಯಕ್ಕೆ ಎರಡೇ ಸಾಕು, ಎರಡೂ ಹೆಣ್ಣೇ ಅಂತ ಅಂಗಡಿಯವನು ಹೇಳಿದ್ದಾನಂತೆ.