ಹೆಂಗಸರಿಗೆ 'ಲೇಡೀಸ್' ಎಂಟಿಬಿಯೇ (ಮೌಂಟನ್ ಬೈಕ್, ಅಂದರೆ ಗುಡ್ಡಗಾಡಿನ ಸೈಕಲ್) ಬೇಕಾ? ಒಂದು ಸ್ಪಷ್ಟನೆ

"ಲೇಡೀಸ್ ಫ್ರೇಮ್ ಇಲ್ಲದ ಎಂಟಿಬಿ ಓಡಿಸಿದರೆ ಹೆಂಗಸರ ಬೆನ್ನು ಹಾಳಾಗುತ್ತೆ" ಎಂಬ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಸರಿಯಲ್ಲ. ಸೈಕಲ್ಲಿನ ಅಳತೆ ತಪ್ಪಿದರೆ ಯಾರಿಗಾದರೂ ಬೆನ್ನು ನೋಯುತ್ತದೆ. ಜೈಂಟ್ ಸೈಕಲ್ ಕಂಪನಿಯ ಲಿವ್ ಬ್ರ್ಯಾಂಡ್ ಹೆಂಗಸರಿಗೆಂದೇ ಫ್ರೇಮ್ ಮಾಡುತ್ತದೆ, ನಿಜ. ಆದರೆ ಎಷ್ಟೋ ಲೇಡೀಸ್ ಮಾಡೆಲ್‌ಗಳಲ್ಲಿ ಬೇರೆಯಾಗಿರುವುದು ಸೀಟು, ಹ್ಯಾಂಡಲ್, ಬಣ್ಣ ಅಷ್ಟೇ.

ಅಂಗಡಿಯಲ್ಲಿ ಶೂ ಹಾಕಿಕೊಂಡೇ ಮೇಲಿನ ಪೈಪಿನ ಆಚೀಚೆ ಕಾಲಿಟ್ಟು ನಿಂತು ನೋಡಿ. ಪೈಪಿಗೂ ತೊಡೆಸಂದಿಗೂ ನಡುವೆ ಸುಮಾರು 5 ಸೆಂ.ಮೀ. ಜಾಗ ಉಳಿಯಬೇಕು. ಬೆಂಗಳೂರಿನ ಹತ್ತಿರದ ಆವತಿಯಂಥ ಕಲ್ಲುದಾರಿಯಲ್ಲಿ ದಿಢೀರ್ ಅಂತ ಕಾಲೂರಬೇಕಾಗುತ್ತದೆ ಅಲ್ವಾ? ಬ್ರೇಕ್ ಬೆರಳಿಗೆ ಎಟುಕದಿದ್ದರೆ ಲಿವರ್‌ನ ಸಣ್ಣ ಸ್ಕ್ರೂ ತಿರುಗಿಸಿ ಹತ್ತಿರ ತರಿಸಿಕೊಳ್ಳಿ. ಸೀಟು ಒತ್ತಿದರೆ ಸೀಟಷ್ಟೇ ಬದಲಿಸಿ.

ದುಡ್ಡು ಕಡಿಮೆಯಿದ್ದರೆ ಹಿಂದೆಯೂ ಶಾಕ್ ಅಬ್ಸಾರ್ಬರ್ ಇರುವ ಅಗ್ಗದ ಸೈಕಲ್ ಬೇಡವೇ ಬೇಡ, ಸುಮ್ನೆ ಭಾರ ಜಾಸ್ತಿ. ಡಿಸ್ಕ್ ಬ್ರೇಕಿನ ಹಾರ್ಡ್‌ಟೇಲ್ (ಮುಂದೆ ಮಾತ್ರ ಶಾಕ್ ಇರುವ ಸೈಕಲ್) ಸಾಕು.