ಮೇಪಲ್ ಮರದಲ್ಲಿ ಎಂತ ಇದ್ದು?

ಶನಿವಾರ ಬೆಳಿಗ್ಗೆ ಏಳೂವರೆಗೆ ನಮ್ಮ ಹಿತ್ತಲಿನ ಮೇಪಲ್ ಮರದ ಕಡೆಯಿಂದ ಟಣ್ ಅಂತ ಸದ್ದು ಬಂತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಟಣ್. ಹಾಸಿಗೆಯಲ್ಲೇ ಎಣಿಸುತ್ತ ಮಲಗಿದ್ದೆ. ನಾಲ್ಕನೇ ಟಣ್ ಆದ ಮೇಲೆ ಒಂದು ಸಣ್ಣ ಬೈಗುಳ. ಹೌದು, ಪಕ್ಕದ ಮನೆಯವನೇ.

ಕೆಳಗೆ ಹೋಗಿ ನೋಡಿದರೆ ಆಯಿ, ಅಂದರೆ ನನ್ನ ಅಮ್ಮ, ಆಗಲೇ ಅಡುಗೆಮನೆ ಕಿಟಕಿಯಲ್ಲಿ ನಿಂತಿದ್ದಳು.

‘ಅಂವ ಎಂತ ಕೊಯ್ಯಲೆ ಹತ್ತಿದ್ದ? ಮೇಪಲ್ ಮರದಲ್ಲಿ ಎಂತ ಇದ್ದು?’

ಏನೂ ಇಲ್ಲ ಅಂದೆ.

‘ಮತ್ತೆಂತಕ್ಕೆ ಹತ್ತಿದ್ದ?’

ಚಹಾ ಕುಡಿಯದೆ ಉತ್ತರ ಕೊಡುವ ಪ್ರಶ್ನೆ ಅಲ್ಲ ಅದು. ನಾವಿರುವುದು ಮಿಶಿಗನ್ನಿನಲ್ಲಿ. ಇಲ್ಲಿ ಅಕ್ಟೋಬರ್ 1ಕ್ಕೆ ಬಿಲ್ಲಿನವರ ಜಿಂಕೆ ಬೇಟೆ ಶುರು, ನವೆಂಬರ್ 15ಕ್ಕೆ ಬಂದೂಕಿನವರದ್ದು. ಆ 15ನೇ ತಾರೀಕು ಹಳ್ಳಿ ಕಡೆಯವರಿಗೆ ಹಬ್ಬ ಇದ್ದ ಹಾಗೆ, ಕೆಲವು ಊರುಗಳಲ್ಲಿ ಶಾಲೆಗೂ ರಜೆ. ನಮ್ಮ ಪಕ್ಕದ ಮನೆಯವನು ಬಿಲ್ಲಿನವನು. ಬಂದೂಕಿನವರನ್ನು ಕಂಡರೆ, ವೀಣೆ ನುಡಿಸುವವರು ಬ್ಯಾಂಡಿನವರನ್ನು ನೋಡುವ ಹಾಗೆ ನೋಡುತ್ತಾನೆ. ಅದರಲ್ಲೂ ಅವನು ಸ್ಯಾಡಲ್ ಪಂಗಡ. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು, ಮರಕ್ಕೆ ಹಗ್ಗದಲ್ಲಿ ಜೋತುಬಿದ್ದು, ಕಾಲ ಕೆಳಗೆ ಒಂದು ತುಂಡು ಅಲ್ಯೂಮಿನಿಯಂ ಇಟ್ಟುಕೊಂಡು, ಇಡೀ ದಿನ ಏನೂ ಬರದಿದ್ದರೂ ಖುಷಿಯಾಗಿ ಮನೆಗೆ ಬರುವ ಜನ.

ಅವನ ಹಿತ್ತಲಲ್ಲಿ ಇರುವುದು ಪೈನ್ ಮರ, ಬುಡದಿಂದಲೇ ಕೊಂಬೆ. ಅಭ್ಯಾಸಕ್ಕೆ ಆಗುವುದಿಲ್ಲವಂತೆ. ಆಗಸ್ಟಿನಲ್ಲಿ ಬಂದು ನಿಮ್ಮ ಮರ ಕೊಡ್ತೀರಾ ಅಂದ, ಧಾರಾಳವಾಗಿ ಕೊಟ್ಟೆ. ತಪ್ಪು ನನ್ನದೇ. ಅದಕ್ಕೂ ದೊಡ್ಡ ತಪ್ಪು ಎರಡು ವರ್ಷದ ಹಿಂದೆ ಆಗಿತ್ತು. ಬೇಸಿಗೆಯ ಒಂದು ಸಂಜೆ, ಅವನು ಏಣಿ, ಮೆಟ್ಟಿಲು, ಕೊಕ್ಕೆ ಅಂತ ಕೊರೆಯುತ್ತಿದ್ದಾಗ, ತಡೆಯಲಾರದೆ ಹೇಳಿಬಿಟ್ಟಿದ್ದೆ: ನಮ್ಮೂರಲ್ಲಿ ಕಾಲಿಗೊಂದು ಬಳೆ ಹಾಕಿಕೊಂಡು ಐವತ್ತು ಅಡಿ ಮರ ಹತ್ತುತ್ತಾರಪ್ಪಾ, ಇದೇನು ಮಹಾ. ಆವತ್ತಿನಿಂದ ಅವನ ಕಣ್ಣಲ್ಲಿ ನಾನು ಮರ ಹತ್ತುವ ಶಾಸ್ತ್ರದಲ್ಲಿ ಪಂಡಿತ. ಯಾವ ಹೊಸ ಸಾಮಾನು ಬಂದರೂ ಮೊದಲು ನನಗೆ ತೋರಿಸಬೇಕು.

ಆ ಶನಿವಾರದ ಪ್ರಶ್ನೆ ಎರಡು ಪ್ಲಾಟ್‌ಫಾರ್ಮುಗಳದ್ದು, ಅಂದರೆ ಕಾಲ ಕೆಳಗಿಡುವ ಆ ಅಲ್ಯೂಮಿನಿಯಂ ಹಲಗೆಗಳದ್ದು: ಯಾವುದನ್ನು ಇಟ್ಟುಕೊಳ್ಳಲಿ? ಹುಲ್ಲಿನ ಮೇಲೆ ಜೋಡಿಸಿಟ್ಟಿದ್ದ. ಒಂದು ದೋಸೆ ಕಾವಲಿಯಷ್ಟು, ಇನ್ನೊಂದು ಊಟದ ಮಣೆಯಷ್ಟು. ಮತ್ತೆ ಮರಕ್ಕೆ ಕಟ್ಟಿಕೊಂಡು ಹತ್ತುವ ಮೆಟ್ಟಿಲ ಕೋಲುಗಳ ಪ್ರಶ್ನೆ ಬೇರೆ. ನಾಲ್ಕು ಕೋಲು ಹೊರಬೇಕೋ, ಮೂರು ಕೋಲು ಹೊತ್ತು ಪ್ರತಿಯೊಂದರ ಕೆಳಗೂ ಒಂದು ಪಟ್ಟಿಯ ಕುಣಿಕೆ ನೇತುಹಾಕಿ ಅದನ್ನೇ ಮೆಟ್ಟಿಲು ಮಾಡಿಕೊಳ್ಳಬೇಕೋ? ಕುಣಿಕೆ ಹಗುರ, ಸರಿ. ಆದರೆ ಬೆಳಗಿನ ಜಾವ ಐದು ಗಂಟೆಯ ಕತ್ತಲಲ್ಲಿ, ದಪ್ಪ ಬೂಟು ಹಾಕಿಕೊಂಡು, ಗಾಳಿಗೆ ಅಲ್ಲಾಡುವ ಕುಣಿಕೆಯೊಳಗೆ ಕಾಲು ತೂರಿಸಿ ನೋಡಿ. ಅವನು ತೂರಿಸಿದ. ಮೂರನೇ ಸಲಕ್ಕೆ ಸಿಕ್ಕಿತು. ಹಗಲಲ್ಲಿ.

ಇದೆಲ್ಲ ತೂಕಕ್ಕಾಗಿ. ಅವನ ಹತ್ತಿರ ಒಂದು ಲೆಕ್ಕದ ಹಾಳೆ ಇದೆ, ಪ್ರತಿಯೊಂದು ಬಕಲ್ಲಿನ ತೂಕವೂ ಅದರಲ್ಲಿದೆ. ತೂಗುವುದು ನಮ್ಮ ತಕ್ಕಡಿಯಲ್ಲಿ. ಊರಿಗೆ ಹೊರಟಾಗ 23 ಕೆಜಿಯ ಎರಡು ಪೆಟ್ಟಿಗೆ ತೂಗುವುದಕ್ಕೆ ಅಂತ ಇಟ್ಟುಕೊಂಡಿರುವ ಕೊಕ್ಕೆ ತಕ್ಕಡಿ, ಆಗಲೇ ಎರಡು ತಿಂಗಳಿಂದ ಅವನ ಗರಾಜಿನಲ್ಲೇ ಇತ್ತು. ಕಬ್ಬಿಣದ ಬಕಲ್ ಕಿತ್ತು ಹಗ್ಗ ಹಾಕಿದ, 60 ಗ್ರಾಂ ಉಳಿಯಿತು. ಅಲ್ಯೂಮಿನಿಯಂ ಕೋಲು ಮಾರಿ ಕಾರ್ಬನ್ ಕೋಲು ತಂದ, ಇನ್ನೊಂದಿಷ್ಟು ಉಳಿಯಿತು, ಉಳಿಯದಿದ್ದದ್ದು ದುಡ್ಡು. ಹೀಗೆ ಗ್ರಾಂ ಗ್ರಾಂ ಕೂಡಿಸಿ ಉಳಿಸಿದವನು ಬ್ಯಾಗಿಗೆ ಏನೇನು ತುಂಬಿಸುತ್ತಾನೆ ಅಂದರೆ, ಒಂದು ಲೀಟರ್ ಫ್ಲಾಸ್ಕ್ ಕಾಫಿ, ಎರಡು ಸ್ಯಾಂಡ್‌ವಿಚ್, ಫೋನಿಗೆ ಇಟ್ಟಿಗೆಯಂಥ ಒಂದು ಬ್ಯಾಟರಿ. ನನಗೂ ಹೊಟ್ಟೆ ಇದೆ, ಹಾಗಾಗಿ ಅವನ ಸೊಂಟದ ಸುತ್ತ ಇರುವ ಕೆಜಿಗಳ ಬಗ್ಗೆ ಮಾತಾಡುವುದಿಲ್ಲ. ಆದರೂ ಹೇಳ್ತೇನೆ, ಅಲ್ಲೇ ಇದೆಯಲ್ವಾ ಉಳಿತಾಯ?

ನಮ್ಮ ಕಡೆ, ಅಂದರೆ ಶಿರಸಿ ಕಡೆ, ಅಡಕೆ ಕೊನೆ, ಅಂದರೆ ಗೊನೆ, ತೆಗೆಯುವವನನ್ನು ಕೊನೆಗೌಡ ಅನ್ನುತ್ತಾರೆ. ನಮ್ಮ ತೋಟಕ್ಕೆ ಬರುತ್ತಿದ್ದ ಕೊನೆಗೌಡನ ಒಟ್ಟು ಸಾಮಾನು ಒಂದು ಅಡಕೆ ಹಾಳೆಯಲ್ಲಿ ಸುತ್ತಿಡುವಷ್ಟು. ಕಾಲಿಗೆ ತಳೆ (ನಾನು ಬಳೆ ಅಂದಿದ್ದು ಇದನ್ನೇ), ಸೊಂಟಕ್ಕೆ ಕತ್ತಿ, ಒಂದು ಉದ್ದ ಹಗ್ಗ, ಮೇಲೆ ಹೋಗಿ ಮರಕ್ಕೆ ಸಿಕ್ಕಿಸಿಕೊಂಡು ಕೂರುವುದಕ್ಕೆ ಅಂಗೈ ಅಗಲದ ಒಂದು ಮಣೆ. ತಳೆಯನ್ನು ಅವನೇ ನಾರು ಹೊಸೆದು ಮಾಡುತ್ತಿದ್ದ. ಬೆಳಿಗ್ಗೆ ಬಂದವನು ಮೊದಲು ಅದನ್ನು ಕಾದಿಗೆಯ, ಅಂದರೆ ತೋಟದ ಕಾಲುವೆಯ, ನೀರಲ್ಲಿ ಅದ್ದಿಡುತ್ತಿದ್ದ. ಆಯಿ ಕೊಟ್ಟ ಚಾ ಕುಡಿದು, ಎಲೆಗೆ ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಂಡು, ಆಮೇಲೆ ತಳೆ ಎತ್ತಿ ಸುತ್ತಲೂ ಹೆಬ್ಬೆರಳಲ್ಲಿ ಒಂದೊಂದೇ ಅಂಗುಲ ಒತ್ತಿ ನೋಡುತ್ತಿದ್ದ. ಎರಡೂ ಪಾದ ಸಿಕ್ಕಿಸಿ, ನೆಲದ ಮೇಲೆ ನಿಂತೇ ಎರಡು ಸಲ ಅಗಲಿಸಿ ಜಗ್ಗುತ್ತಿದ್ದ. ಎಲ್ಲೋ ಒಂದು ಎಳೆ ಬಿಚ್ಚಿದೆ ಅನ್ನಿಸಿದರೆ, ಒಂದು ಮಾತಿಲ್ಲ, ಬಿಸಾಕಿ ಹೊಸದು ಹೊಸೆಯಲು ಕೂರುತ್ತಿದ್ದ. ಅಷ್ಟು ಹೊತ್ತಿಗೆ ಒಂಬತ್ತೂವರೆ. ಅಪ್ಪಯ್ಯ ಅಂಗಳದಲ್ಲಿ ಶತಪಥ.

ಕಡೆಗೊಂದು ದಿನ ಅಪ್ಪಯ್ಯ ಶಿರಸಿ ಪೇಟೆಯಿಂದ ನೈಲಾನ್ ಹಗ್ಗ ತಂದು, ತಾನೇ ಕೂತು ಒಂದು ತಳೆ ಮಾಡಿಕೊಟ್ಟ. ನೀಲಿ ಬಣ್ಣದ್ದು, ಚೆಂದ ಇತ್ತು. ಕೊನೆಗೌಡ ಎರಡೂ ಕೈಯಲ್ಲಿ ತೆಗೆದುಕೊಂಡ. ತಿರುಗಿಸಿ ನೋಡಿದ. ‘ಚಲೋ ಅದೆ ಹೆಗಡೇರೇ, ದನ ಕಟ್ಟೂಕೆ ಅಡ್ಡಿಲ್ಲ’ ಅಂದ. ಮೂರು ವರ್ಷ ಅದು ಕೊಟ್ಟಿಗೆ ಮೊಳೆಯಲ್ಲಿ ನೇತಾಡುತ್ತಿತ್ತು. ಆಮೇಲೆ ನಿಜವಾಗಿಯೂ ಒಂದು ಕರುವಿನ ಕುತ್ತಿಗೆಗೆ ಹೋಯಿತು.

ಅವನು ಹತ್ತುವುದನ್ನು ನೋಡಬೇಕಿತ್ತು. ಹತ್ತುತ್ತಾನೆ ಅನ್ನಿಸುತ್ತಲೇ ಇರಲಿಲ್ಲ, ಮರವೇ ಅವನನ್ನು ನುಂಗುತ್ತಿದೆಯೇನೋ ಅನ್ನುವ ಹಾಗೆ ಸರಸರ ಮೇಲೆ. ಒಂದು ಮರದ ಕೊನೆ ಮುಗಿದರೆ ಇಳಿಯುವುದಿಲ್ಲ. ಅಲ್ಲೇ ಮರವನ್ನು ಓಲಾಡಿಸಿ, ಪಕ್ಕದ ಮರ ಕೈಗೆ ಸಿಕ್ಕ ಕೂಡಲೇ ಅದಕ್ಕೆ ದಾಟುತ್ತಿದ್ದ. ಕೊನೆ ಹಗ್ಗದಲ್ಲಿ ಜಾರಿ ಬರುತ್ತಿತ್ತು. ಕೆಳಗೆ ಹಗ್ಗದ ತುದಿ ಓರೆಯಾಗಿ ಬಿಗಿ ಹಿಡಿದು ನಿಲ್ಲಲು ಒಬ್ಬರು ಬೇಕು. ನನಗೆ ಹತ್ತು ವರ್ಷ ಆಗಿದ್ದಾಗ ಒಂದು ದಿನ, ಹಟ ಮಾಡಿದ್ದಕ್ಕೆ, ಹಗ್ಗ ನನ್ನ ಕೈಗೆ ಬಂತು. ಎಂಟು ಕೊನೆ ಸರಿಯಾಗಿಯೇ ಇಳಿಸಿದೆ. ಒಂಬತ್ತನೆಯದು ಬರುವಾಗ ಮೇಲಿಂದ ಎರಡು ಮಂಗಟ್ಟೆ ಹಕ್ಕಿ ರೆಕ್ಕೆ ಬಡಿಯುತ್ತ ಹಾರಿದವು. ಅದರ ಸದ್ದು ಕೇಳಿದವರಿಗೆ ಗೊತ್ತು, ಯಾರಾದರೂ ತಲೆ ಎತ್ತಲೇಬೇಕು. ನಾನೂ ಎತ್ತಿದೆ. ಹಗ್ಗ ಸಡಿಲವಾಯಿತು. ಕೊನೆ ನೇರವಾಗಿ ಬಂದು ಮೊದಲು ನನ್ನ ಭುಜಕ್ಕೆ, ಅಲ್ಲಿಂದ ಕಾದಿಗೆಗೆ. ಅಡಕೆ ಅಷ್ಟೂ ಉದುರಿ ಕೆಸರಲ್ಲಿ. ನನಗಿಂತ ಮೊದಲು ಎಲ್ಲರೂ ಅಡಕೆಯನ್ನು ನೋಡಿದರು, ಅದನ್ನು ನಾನು ಇನ್ನೂ ಮರೆತಿಲ್ಲ. ಐವತ್ತು ಅಡಿ ಮೇಲಿನಿಂದ ಕೊನೆಗೌಡ ಕೂಗಿ ಹೇಳಿದ: ‘ಸಣ್ಣ ಹೆಗಡೇರು ಶಾಲಿಗೆ ಹೋಗ್ಲಿ!’

ಹಾಗಾಗಿ ನಾನು ಶಾಲೆಗೆ ಹೋದೆ. ಅಲ್ಲಿಂದ ಸುರತ್ಕಲ್, ಅಲ್ಲಿಂದ ಮಿಶಿಗನ್. ಅಡಕೆ ಮರವನ್ನು ನಾನು ಆಳೆತ್ತರಕ್ಕಿಂತ ಮೇಲೆ ಹತ್ತಿದ್ದು ಇಲ್ಲವೇ ಇಲ್ಲ. ಇದನ್ನು ಪಕ್ಕದ ಮನೆಯವನಿಗೆ ಹೇಳಿಲ್ಲ, ನೀವೂ ಹೇಳಬೇಡಿ.

ಬದಲಿಗೆ ಅವನಿಗೆ ಕೋಲ್ಮನ್ ಕಥೆ ಹೇಳಿದೆ. ಲೆಸ್ಲಿ ಕೋಲ್ಮನ್, ಕೆನಡಾದವರು. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದು, ಮಲೆನಾಡಿನ ಅಡಕೆ ಕೊಳೆರೋಗದ ಹಿಂದೆ ಬಿದ್ದವರು. ಅಲ್ಲಿಯವರೆಗೆ ಮಳೆಗಾಲದ ಮೊದಲು ಪ್ರತಿ ಕೊನೆಗೂ ಕೊಟ್ಟೆ, ಅಂದರೆ ಹುಲ್ಲಿನ ಹೊದಿಕೆ, ಕಟ್ಟುತ್ತಿದ್ದರು. ಫ್ರಾನ್ಸಿನ ದ್ರಾಕ್ಷಿ ತೋಟದ ಬೋರ್ಡೋ ದ್ರಾವಣವನ್ನು ಅಡಕೆಗೂ ಹೊಡೆಯಬಹುದು ಅಂತ ತೋರಿಸಿದವರು ಅವರು. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು, ಈಗಲೂ ಅದೇ ಲೆಕ್ಕ. ಕೊಟ್ಟೆ ಹೋಯಿತು, ಔಷಧಿ ಬಂತು, ಮರ ಹತ್ತುವುದು ಮಾತ್ರ ತಪ್ಪಲಿಲ್ಲ. ಅದೂ ಪಾಚಿ ಹಿಡಿದ ಮರ, ಮಳೆಯಲ್ಲಿ. ಕೆನಡಾ ನಮಗೆ ನದಿ ದಾಟಿದರೆ ಸಿಗುತ್ತದೆ, ಅಷ್ಟಕ್ಕಾದರೂ ಅವನಿಗೆ ಕುತೂಹಲ ಬರಬೇಕಿತ್ತು. ‘ಆ ಕಾಲಿನ ಬಳೆ ಎಷ್ಟು ತೂಕ ಇರುತ್ತದೆ?’ ಅಂದ.

ಸರಿ, ಮರಕ್ಕೆ ವಾಪಸು ಬರೋಣ. ಅವನು ಚಿಕ್ಕ ಪ್ಲಾಟ್‌ಫಾರ್ಮನ್ನು ಮರಕ್ಕೆ ಇಟ್ಟು ಪಟ್ಟಿ ಸುತ್ತಿ ಎಳೆದ. ಹಲಗೆಯ ಹಿಂಬದಿಯಲ್ಲಿ ಹಲ್ಲುಗಳಿವೆ. ಮೊದಲು ಸ್ವಲ್ಪ ಮೇಲ್ಮುಖವಾಗಿ ಕಟ್ಟಿ, ಆಮೇಲೆ ಕಾಲಲ್ಲಿ ಒಮ್ಮೆ ಜಾಡಿಸಿ ಒತ್ತಬೇಕು. ಒತ್ತಿದಾಗ ಕರಕ್ ಅಂತ ತೊಗಟೆ ಕಚ್ಚಿ ಕೂರುತ್ತದೆ. ನನ್ನ ಹಲ್ಲು ಜುಮ್ ಅಂತು. ಇಲ್ಲಿನ ಸರ್ಕಾರಿ ಕಾಡಲ್ಲಿ ಮರದ ಒಳಪದರಕ್ಕೆ ಇಳಿಯುವ ಯಾವ ಮೊಳೆ, ಸ್ಕ್ರೂ ಮೆಟ್ಟಿಲನ್ನೂ ಹೊಡೆಯುವಂತಿಲ್ಲ, ಕಾನೂನಿದೆ. ಪ್ಲಾಟ್‌ಫಾರ್ಮ್ ಮೇಲೆ ಹೆಸರು, ವಿಳಾಸವೋ ಲೈಸೆನ್ಸ್ ನಂಬರೋ ಇರಬೇಕು. ನಮ್ಮ ಮೇಪಲ್ ಖಾಸಗಿ ಮರ, ಅದಕ್ಕೆ ಅಷ್ಟೆಲ್ಲ ಹಕ್ಕಿಲ್ಲವಂತೆ. ನಗುತ್ತ ಹೇಳಿದ. ನನಗೆ ನಗು ಬರಲಿಲ್ಲ.

ಆಮೇಲೆ ನನಗೇ ಸ್ಯಾಡಲ್ ಕಟ್ಟಿದ. ನೆಲದಿಂದ ಒಂದೂವರೆ ಅಡಿ, ಹೆಚ್ಚಿಲ್ಲ. ಹಿಂದಕ್ಕೆ ಒರಗಿ ಹಗ್ಗದ ಮೇಲೆ ಭಾರ ಬಿಡಿ ಅಂದ, ಬಿಟ್ಟೆ. ಸೊಂಟದ ಎರಡೂ ಬದಿ ಇಕ್ಕಳ ಹಾಕಿದ ಹಾಗಾಯಿತು. ಮೊಣಕಾಲು ತೊಗಟೆಗೆ ಒತ್ತಿತು. ಕಾವಲಿಯಷ್ಟಗಲದ ಹಲಗೆಯಲ್ಲಿ ಹಿಮ್ಮಡಿ ಹೊರಗೆ, ಅಂಚು ಸರಿಯಾಗಿ ಅಂಗಾಲಿನ ಗುಳಿಗೆ. ಎಡಕ್ಕೆ ತಿರುಗಿ ಬಿಲ್ಲು ಎಳೆದ ಹಾಗೆ ಮಾಡಿ ಅಂದ. ಮಾಡಿದೆ. ಹಲಗೆ ಕಿರ್ ಅಂತು. ನಮ್ಮ ಬೇಲಿಯಾಚೆ ನಿಜವಾಗಿಯೂ ಒಂದು ಜಿಂಕೆ ನಿಂತಿತ್ತು. ಕಿವಿ ಈ ಕಡೆ ತಿರುಗಿಸಿ ನೋಡಿ, ಆಯಿ ನೆಟ್ಟ ಬೀನ್ಸಿಗೆ ಬಾಯಿ ಹಾಕಿತು.

ಕಿಟಕಿ ತೆರೆದುಕೊಂಡಿತು. ‘ಅಯ್ಯೋ, ಮತ್ತೆ ಬಂತು ಅದು! ಎಲ್ಲಾ ತಿಂತು! ಅಂವಂಗೆ ಬೇಗ ಹತ್ತಲೆ ಹೇಳು!’

ಜೀವಮಾನವಿಡೀ ಇರುವೆಗೂ ದಾರಿ ಬಿಟ್ಟು ನಡೆದವಳು. ಎರಡು ತಿಂಗಳ ಬೀನ್ಸ್ ಬಳ್ಳಿ ಅವಳನ್ನು ಎಲ್ಲಿಗೆ ತಂದು ನಿಲ್ಲಿಸಿತು ನೋಡಿ.

ದೊಡ್ಡದರ ಮೇಲೂ ನಿಂತೆ. ಅದು ಸದ್ದು ಮಾಡಲಿಲ್ಲ, ಎರಡೂ ಪಾದ ಪೂರ್ತಿ ಕೂತವು. ದೊಡ್ಡದೇ ಇರಲಿ ಅಂದೆ. ತಲೆ ಅಲ್ಲಾಡಿಸಿದ, ಧನ್ಯವಾದ ಹೇಳಿದ, ಚಿಕ್ಕದನ್ನು ಇಟ್ಟುಕೊಂಡ. 400 ಗ್ರಾಂ ಕಮ್ಮಿ ಅಂತೆ! ಮತ್ತೆ ಕೇಳಿದ್ದು ಯಾಕೆ? ನನ್ನ ಶನಿವಾರ ಹೋಯಿತು, ಸೊಂಟ ಸೋಮವಾರದ ತನಕ ನೋಯಿತು. ಸಲಹೆ ಕೇಳುವವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಬೇಕಿರುವುದು ಸಲಹೆಯಲ್ಲ, ನಿಂತು ನೋಡುವ ಒಬ್ಬ ಮನುಷ್ಯ. ಊರಲ್ಲಿ ತಮ್ಮನೂ ಹಾಗೆಯೇ. ಈಗ ಕೊನೆಗೌಡರು ಸಿಗುವುದಿಲ್ಲ. ನಮ್ಮ ಕೊನೆಗೌಡನ ಮಗ ಬೆಂಗಳೂರಲ್ಲಿ ಲಿಫ್ಟ್ ರಿಪೇರಿ ಮಾಡುತ್ತಾನೆ, ಸುಳ್ಳಲ್ಲ. 2019ರಲ್ಲಿ ಬಂಟ್ವಾಳ ಕಡೆಯ ಕೃಷಿಕರೊಬ್ಬರ ಮರ ಏರುವ ಸ್ಕೂಟರಿನ ವಿಡಿಯೋ ಎಲ್ಲ ಕಡೆ ಓಡಾಡಿತಲ್ಲ, ಆಗ ತಮ್ಮ ಅದೇ ಬೇಕು ಅಂದಿದ್ದ. ಈಗ ಕಾರ್ಬನ್ ಫೈಬರ್ ದೋಟಿ. ನೆಲದಲ್ಲೇ ನಿಂತು ಕೊನೆ ಕೊಯ್ಯಬಹುದು. ಯಾವ ದೋಟಿ ಹಗುರ, ಯಾವುದು ತುದಿಯಲ್ಲಿ ಬಾಗುವುದಿಲ್ಲ ಅಂತ ನನಗೆ ರಾತ್ರಿ ಹನ್ನೊಂದಕ್ಕೆ ವಿಡಿಯೋ ಕಳಿಸುತ್ತಾನೆ. ನಾನು ಒಂದನ್ನು ಹೇಳುತ್ತೇನೆ. ಅವನು ಇನ್ನೊಂದನ್ನು ತರುತ್ತಾನೆ.

ಕಾಲಿಡುವ ಜಾಗವನ್ನು ಆರಿಸಿಕೊಳ್ಳುವುದರ ಬಗ್ಗೆ ಏನೋ ಒಂದು ಒಳ್ಳೆಯ ಮಾತು ಆ ಹಲಗೆ ಮೇಲೆ ನಿಂತಾಗ ಹೊಳೆದಿತ್ತು. ಬರೆಯಲು ಕೂತಿದ್ದೇ ಅದಕ್ಕೆ. ಜಿಂಕೆ ಗಲಾಟೆಯಲ್ಲಿ ಮರೆತುಹೋಯಿತು.

ನವೆಂಬರಿನಲ್ಲಿ ಆಯಿ ಊರಿಗೆ ಹೊರಟಳು, ಕೊನೆಕೊಯ್ಲಿನ ಹೊತ್ತಿಗೆ ಮನೆಯಲ್ಲಿರಬೇಕು ಅಂತ. ತಕ್ಕಡಿ ವಾಪಸು ಕೊಡಲು ಬಂದ ಪಕ್ಕದ ಮನೆಯವನು, ಮರ ಕೊಟ್ಟ ಋಣಕ್ಕೆ, ದೊಡ್ಡ ಪ್ಲಾಟ್‌ಫಾರ್ಮನ್ನು ಆಯಿಯ ಕೈಯಲ್ಲೇ ಇಟ್ಟ. ಗೀರು ಬಿದ್ದಿದೆ, ಅಂಗಡಿಯವರು ವಾಪಸು ತಗೊಳ್ಳಲಿಲ್ಲ ಅಂತ ನನಗೆ ಗೊತ್ತಿತ್ತು, ಸುಮ್ನಿದ್ದೆ. ಆಯಿ ತಿರುಗಿಸಿ ನೋಡಿದಳು. ನೆಲದಲ್ಲಿಟ್ಟು ಕೈಯಲ್ಲಿ ಒತ್ತಿದಳು.

‘ಹಾಲು ಕರೆಯಕಾರೆ ಕೂಪಲೆ ಅಡ್ಡಿಲ್ಲೆ’ ಅಂದಳು.

ಪೆಟ್ಟಿಗೆ ತೂಗಿದೆ. 26 ಕೆಜಿ ಚಿಲ್ಲರೆ. ಏನಾದರೂ ತೆಗೀಬೇಕು ಆಯಿ ಅಂದೆ. ಅವಳು ಪೆಟ್ಟಿಗೆ ಬಿಚ್ಚಿ, ನೆಂಟರಿಗೆಲ್ಲ ಹಂಚಲು ಅಂತ ನಾನು ತಂದಿದ್ದ ಬಾದಾಮಿ ಚೀಲಗಳನ್ನು ಒಂದೊಂದಾಗಿ ಎತ್ತಿ ಮೇಜಿನ ಮೇಲಿಟ್ಟು, ಜಿಪ್ ಎಳೆದಳು.