ದೂರು ಎಲ್ಲರಿಗೂ ಕಾಣಲಿ

ಇಂಗ್ಲೆಂಡಿನ ರಸ್ತೆಗಳಲ್ಲಿ ಗುಂಡಿಯೇ ಇರಲ್ಲ ಅಂತ ನಮ್ಮ ಕಡೆ ತುಂಬಾ ಜನ ನಂಬಿದ್ದಾರೆ. ಖಂಡಿತ ಇವೆ. ಚಳಿಗಾಲ ಕಳೆದ ಮೇಲಂತೂ ಜಾಸ್ತಿ. ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಡಾಂಬರು ಕಿತ್ತು ಬರುತ್ತದೆ. ಆದರೆ ನಾನಿರುವ ಇಲ್ಲಿ ಅದರ ಬಗ್ಗೆ ದೂರು ಕೊಡುವ ರೀತಿ ನೋಡಿದಾಗ ನಮ್ಮಲ್ಲೂ ಹೀಗಿರಬೇಕಿತ್ತು ಅನಿಸುತ್ತದೆ.

ಫಿಕ್ಸ್‌ಮೈಸ್ಟ್ರೀಟ್ ಅಂತ ಒಂದು ಜಾಲತಾಣವಿದೆ. ಮೈಸೊಸೈಟಿ ಎಂಬ ಸೇವಾ ಸಂಸ್ಥೆ 2007ರಲ್ಲಿ ಶುರುಮಾಡಿದ್ದು. ಪೋಸ್ಟ್‌ಕೋಡ್ ಹಾಕಿದರೆ ನಿಮ್ಮ ಬೀದಿಯ ನಕ್ಷೆ ಬರುತ್ತದೆ. ಗುಂಡಿ ಇರುವಲ್ಲಿ ಗುರುತು ಹಾಕಿ, ಒಂದು ಫೋಟೋ ಸೇರಿಸಿ, ಎರಡು ಸಾಲು ಬರೆದರೆ ಮುಗೀತು. ಇಲ್ಲೂ ಹಲವು ಕಡೆ ರಸ್ತೆ ಕೌಂಟಿ ಕೌನ್ಸಿಲ್ ಎಂಬ ಸ್ಥಳೀಯ ಆಡಳಿತದ್ದು, ಕಸ ಇನ್ನೊಂದು ಕೌನ್ಸಿಲ್‌ನದು. ಯಾವ ದೂರು ಯಾರಿಗೆ ಹೋಗಬೇಕು ಅನ್ನೋದನ್ನು ತಾಣವೇ ನೋಡಿಕೊಳ್ಳುತ್ತದೆ.

ನಮ್ಮೂರಲ್ಲಿ ಅಪ್ಪ ಬೀದಿ ದೀಪದ ವಿಷಯಕ್ಕೆ ನಗರಸಭೆಗೆ ಹೋದಾಗ "ಅದು ನಮಗೆ ಬರಲ್ಲ ಸಾರ್, ಕರೆಂಟ್ ಆಫೀಸಲ್ಲಿ ಕೇಳಿ" ಅಂದರು. ಅಲ್ಲಿ ಹೋದರೆ "ನಗರಸಭೆಗೆ ಹೋಗಿ". ಎಪ್ಪತ್ತು ದಾಟಿದವರು ಒಂದು ದೀಪಕ್ಕಾಗಿ ಬಿಸಿಲಲ್ಲಿ ಯಾಕೆ ಹೀಗೆ ಅಲೀಬೇಕು? ಕೊನೆಗೆ ನಾನೇ ಇಲ್ಲಿಂದ ನಗರಸಭೆಯ ಆ್ಯಪ್‌ನಲ್ಲಿ ದೂರು ಹಾಕಿದೆ. ಒಂದು ನಂಬರ್ ಬಂತು. ಕೆಲವು ದಿನ ಬಿಟ್ಟು 'ಬಗೆಹರಿದಿದೆ' ಅಂತ ಮೆಸೇಜೂ ಬಂತು. ದೀಪ ಮಾತ್ರ ಹತ್ತಿರಲಿಲ್ಲ. ಅದೇ ಕಂಬದ ಬಗ್ಗೆ ಬೀದಿಯವರು ಇನ್ನೆಷ್ಟು ಜನ ಬರೆದಿದ್ದಾರೋ, ತಿಳಿಯುವ ದಾರಿಯೇ ಇರಲಿಲ್ಲ.

ಫಿಕ್ಸ್‌ಮೈಸ್ಟ್ರೀಟ್‌ನಲ್ಲಿ ದೂರು ಎಲ್ಲರಿಗೂ ಕಾಣುತ್ತದೆ. ಯಾವ ತಾರೀಕು ಬಂತು, ಕೌನ್ಸಿಲ್ ಏನು ಉತ್ತರ ಕೊಟ್ಟಿತು, ಪಕ್ಕದ ಮನೆಯವರು ಕೆಳಗೆ ಏನು ಸೇರಿಸಿದರು, ಎಲ್ಲ ಒಂದೇ ಪುಟದಲ್ಲಿ. ನಾಲ್ಕು ವಾರ ಆದಮೇಲೆ 'ಸರಿಯಾಯ್ತಾ?' ಅಂತ ದೂರು ಕೊಟ್ಟವರನ್ನೇ ಕೇಳಿ ಮೇಲ್ ಬರುತ್ತದೆ. ಇದರ ಕೋಡ್ ಕೂಡ ಮುಕ್ತ, ಅಂದರೆ ಯಾರು ಬೇಕಾದರೂ ನೋಡಬಹುದು, ಬಳಸಬಹುದು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರ 2013ರಲ್ಲಿ ಅದನ್ನೇ ತೆಗೆದುಕೊಂಡು ತನ್ನ ದೂರಿನ ತಾಣ ಕಟ್ಟಿಕೊಂಡಿತು.

ಇದು ನಮ್ಮ ಕೈಲಾಗದ್ದೇನೂ ಅಲ್ಲ. ಬೆಂಗಳೂರಿನ ಈಗವರ್ನಮೆಂಟ್ಸ್ ಫೌಂಡೇಶನ್ 2003ರಿಂದ ನಗರಾಡಳಿತಕ್ಕೆ ತಂತ್ರಾಂಶ ಬರೆಯುತ್ತಿದೆ. ಅವರ 'ಡಿಜಿಟ್' ಕೂಡ ಮುಕ್ತ ತಂತ್ರಾಂಶವೇ, ಪಂಜಾಬಿನ ನಗರಗಳು ಅದನ್ನು ಬಳಸುತ್ತಿವೆ. ಇನ್ನು ಕಾನೂನಿನಲ್ಲಿ ನಾವೇ ಮುಂದೆ. 2011ರ ಸಕಾಲ ಕಾಯ್ದೆಯ ಪಟ್ಟಿಯಲ್ಲಿರುವ ಸೇವೆಗಳಿಗೆ ಗಡುವಿದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಫಿಕ್ಸ್‌ಮೈಸ್ಟ್ರೀಟ್‌ಗೆ ಅಂಥ ಬಲವಿಲ್ಲ. ಅದು ದೂರು ತಲುಪಿಸುತ್ತದೆ, ಊರಿಗೆಲ್ಲ ತೋರಿಸುತ್ತದೆ, ಅಷ್ಟೇ.

ನಮ್ಮ ನಗರಸಭೆಗಳು ಮುಂದೆ ಹೊಸ ಆ್ಯಪ್‌ಗೆ ಟೆಂಡರ್ ಕರೆಯುವಾಗ ಕೆಲವು ಷರತ್ತು ಸೇರಿಸಲಿ. ಹೆಸರು, ಫೋನ್ ನಂಬರ್ ಬಿಟ್ಟು ಪ್ರತಿಯೊಂದು ದೂರೂ ವಾರ್ಡ್ ಪ್ರಕಾರ ಕನ್ನಡದಲ್ಲಿ ಎಲ್ಲರಿಗೂ ಕಾಣಬೇಕು. ಕೊಟ್ಟವರು ಸರಿಯಾಯ್ತು ಅನ್ನುವವರೆಗೆ ಅದನ್ನು ಮುಚ್ಚಬಾರದು. ಕೋಡ್ ಮುಕ್ತವಾಗಿರಬೇಕು. ಕೋಡ್ ಬರೆಯುವ ಕನ್ನಡಿಗರು ಎಷ್ಟೋ ದೇಶಗಳಲ್ಲಿ ಇದ್ದೇವೆ ಅಲ್ವಾ? ತಪ್ಪು ತಿದ್ದೋಕೆ, ಕನ್ನಡಕ್ಕೆ ತರೋಕೆ ಶನಿವಾರ ಭಾನುವಾರ ಕೂರಲು ನಾನಂತೂ ತಯಾರು.